ಪಾಯಿಂಟಿನ ರೂಮು, ನಾಡೀನಳ ಉಸಿರು

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಪೊಲೀಸರ ಗಾಡಿ ಮೈಕಿನಲ್ಲಿ ಕೂಗುತ್ತ ಬಂತು. ಚಂಡಮಾರುತ ನಾಳೆ ಮಧ್ಯಾಹ್ನ ದಡಕ್ಕೆ ಬಡಿಯುತ್ತದೆ, ತಗಡಿನ ಮನೆಗಳಲ್ಲಿ ಇರುವವರೆಲ್ಲ ಇವತ್ತೇ ಊರು ಬಿಡಬೇಕು.

ಫ್ಲಾರಿಡಾದ ಆ ಕಡಲಂಚಿನ ಕಾಲೊನಿಯಲ್ಲಿ ಇರುವುದೆಲ್ಲ ತಗಡಿನ ಮನೆಗಳೇ. ಹೋದ ಸಲದ ಗಾಳಿಗೆ ಒಬ್ಬರ ಮನೆ ಎದ್ದು ಹಾರಿ ಮೂರನೇ ಬೀದಿಯಲ್ಲಿ ಇಳಿದಿತ್ತು. ಒಲೆಯ ಮೇಲಿನ ಕಾಫಿ ಒಂದು ಹನಿ ಚೆಲ್ಲಿರಲಿಲ್ಲ. ಪಾಪ, ಅಂಚೆಯವನು ಮಾತ್ರ ಎರಡು ತಿಂಗಳು ಆ ಮನೆಯನ್ನು ಹುಡುಕಿ ಸುಸ್ತಾದ. ಈ ಕಥೆಯನ್ನು ಕಾಲೊನಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವನು ಡೆಲ್ಬರ್ಟ್, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವತ್ತು ಮಾತ್ರ ಅವನ ಬಾಯಿ ಒಣಗಿ ಹೋಗಿತ್ತು.

ಹೆದರಿಕೆಯ ಕಾರಣ ಒಳಗೆ ಕುರ್ಚಿಯಲ್ಲಿ ಕೂತಿತ್ತು. ಹೆಂಡತಿ ನಾಡೀನಳ ಶ್ವಾಸಕೋಶ ಸೋತು ಎರಡು ವರ್ಷ. ಮೂಗಿಗೆ ನಳಿಗೆ, ಪಕ್ಕದಲ್ಲಿ ಗುಂಯ್ ಎನ್ನುವ ಆಮ್ಲಜನಕದ ಯಂತ್ರ. ಕರೆಂಟು ಇದ್ದರೆ ಯಂತ್ರ, ಯಂತ್ರ ಇದ್ದರೆ ನಾಡೀನ್. ದಾರಿಗೆಂದು ಎರಡು ಸಣ್ಣ ಸಿಲಿಂಡರ್ ಇದ್ದವು. ಒಂದೊಂದು ನಾಲ್ಕು ಗಂಟೆ ಬರುತ್ತದೆ. ಅಷ್ಟರೊಳಗೆ ಕರೆಂಟು ಇರುವ ರೂಮು ಸಿಗಬೇಕು.

ಇಂಥ ರೋಗಿಗಳಿಗೆಂದೇ ಸರ್ಕಾರ ಶಾಲೆಯೊಂದರಲ್ಲಿ ಜಾಗ ಮಾಡುತ್ತದೆ. ಹೆಸರು ಬರೆಸುವ ಫಾರಂ ಜೂನಿನಲ್ಲೇ ಮನೆಗೆ ಬಂದಿತ್ತು. ಡೆಲ್ಬರ್ಟ್ ಅದನ್ನು ಮೀನು ಸುತ್ತಲು ಬಳಸಿದ್ದ. "ನಮಗ್ಯಾಕೆ ಶಾಲೆ ಮಂಚ? ನಮ್ಹತ್ರ ಪಾಯಿಂಟ್ ಐತೆ" ಎಂದಿದ್ದ. ಈಗ ಕೇಳಿದರೆ ಶಾಲೆ ತುಂಬಿತ್ತು.

ಪಾಯಿಂಟು ಎಂದರೆ ರಜೆ ಕ್ಲಬ್ಬಿನ ಪಾಯಿಂಟು. ಇಪ್ಪತ್ತೊಂದು ವರ್ಷದ ಹಿಂದೆ ಕ್ಲಬ್ಬಿನವರು ಗಂಡ ಹೆಂಡತಿಯನ್ನು ಪುಕ್ಕಟೆ ತಿಂಡಿಗೆ ಕರೆದು, ಹೊರಗೆ ಬಿಡುವಷ್ಟರಲ್ಲಿ ಸಹಿ ಹಾಕಿಸಿಕೊಂಡಿದ್ದರು. ಪ್ರತಿ ವರ್ಷ ಸಾವಿರದ ನಾನೂರ ನಲವತ್ತು ಡಾಲರ್ ನಿರ್ವಹಣೆ ಹಣ ಕಟ್ಟಬೇಕು. ಅದಕ್ಕೆ ಅರವತ್ತು ಸಾವಿರ ಪಾಯಿಂಟು ಬರುತ್ತವೆ. ಕ್ಲಬ್ಬಿನ ಸ್ವಂತ ಕಡಲಮನೆಯಲ್ಲಿ ಅಷ್ಟಕ್ಕೆ ಒಂದು ವಾರ ಇರಬಹುದು. ಬೇಕಾದರೆ ಹೊರಗಿನ ಹೋಟೆಲಿಗೂ ಬಳಸಬಹುದು ಎಂದು ಬಣ್ಣದ ಪುಸ್ತಕದಲ್ಲಿ ಅಚ್ಚು ಹಾಕಿದ್ದರು. ಕ್ಲಬ್ಬಿನ ಕಡಲಮನೆಯನ್ನೂ ಅವತ್ತು ಖಾಲಿ ಮಾಡಿಸುತ್ತಿದ್ದರು. ಹಾಗಾಗಿ ಡೆಲ್ಬರ್ಟ್ ಜಾರ್ಜಿಯಾದ ವಾಲ್ಡೋಸ್ಟಾದಲ್ಲಿರುವ ಒಂದು ಹೋಟೆಲನ್ನು ಪುಸ್ತಕದಲ್ಲಿ ಆರಿಸಿ, ಕ್ಲಬ್ಬಿಗೆ ಫೋನು ಹಚ್ಚಿ ಕೂತ.

"ನಿಮ್ಮ ಕರೆ ನಮಗೆ ಅಮೂಲ್ಯ" ಎಂದಿತು ಫೋನು. ಆಮೇಲೆ ಪಿಯಾನೊ ಶುರುವಾಯಿತು. ಏಳೂವರೆಗೂ ಪಿಯಾನೊ. ಎಂಟೂವರೆಗೂ ಪಿಯಾನೊ. ಬೇಲಿಯ ಮೇಲಿನ ಹಲ್ಲಿಗಳು ಆ ರಾಗ ಕಲಿತು ಬಾಲದಲ್ಲಿ ತಾಳ ಹಾಕತೊಡಗಿದವು.

ಒಂಬತ್ತಕ್ಕೆ ಪಕ್ಕದ ಮನೆಯ ಓರಾಲಿಯಾ ಬ್ಯಾಗು, ಬೆಕ್ಕಿನ ಬುಟ್ಟಿ ಹಿಡಿದು ಬಂದಳು. ಅವಳ ಹೆತ್ತವರು ಕ್ಯೂಬಾದಿಂದ ದೋಣಿಯಲ್ಲಿ ಬಂದವರು. ಅವಳು ಹೋಟೆಲೊಂದರ ಮುಂದಿನ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತು, ಬಂದವರಿಗೆ ಬೀಗದ ಕೈ ಕೊಟ್ಟವಳು. ಮೂವರೂ ಡೆಲ್ಬರ್ಟನ ಕಾರಿನಲ್ಲೇ ಹೋಗುವುದೆಂದು ಹಿಂದಿನ ದಿನವೇ ಮಾತಾಗಿತ್ತು.

"ಇನ್ನೂ ಹೊರಟಿಲ್ವಾ? ರಸ್ತೆ ತುಂಬ್ತಾ ಐತೆ ಮಾರಾಯ!"

"ಶ್ಶ್! ರೂಮ್ ಮಾಡಿಸ್ತಾ ಇದ್ದೀನಿ. ಪುಕ್ಕಟೆ ರೂಮು. ನಿನಗೂ ಒಂದು ಮಂಚ ಸಿಗುತ್ತೆ, ಬಾಯಿ ಮುಚ್ಕೊಂಡು ಕೂತ್ಕೋ."

"ಯಾವ ಹೋಟೆಲು?"

ಅವನು ಪುಸ್ತಕ ತೋರಿಸಿದ. ಓರಾಲಿಯಾ ಅದರಲ್ಲಿದ್ದ ಹೋಟೆಲಿನ ಹೆಸರು ನೋಡಿ, ತನ್ನ ಫೋನಿನಿಂದ ನೇರ ಆ ಹೋಟೆಲಿಗೇ ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು.

"ಡೆಲ್, ಮೂರು ರೂಮ್ ಉಳಿದಾವಂತೆ. ನೂರಾ ಇಪ್ಪತ್ತೆಂಟು ಡಾಲರ್. ಹಾಕಿಸಿಬಿಡ್ಲಾ?"

"ಹುಚ್ಚು ಹಿಡೀತಾ ನಿಂಗೆ? ಕೈಯಲ್ಲಿ ಅರವತ್ತು ಸಾವಿರ ಪಾಯಿಂಟ್ ಇಟ್ಕೊಂಡು ದುಡ್ಡು ಕೊಡೋದಾ? ಡಿಸೆಂಬರ್ ಮೂವತ್ತೊಂದಕ್ಕೆ ಅವೆಲ್ಲ ಸತ್ತೇ ಹೋಗ್ತಾವೆ!"

"ಪಾಯಿಂಟ್ ಡಿಸೆಂಬರ್ ತನಕ ಬದುಕಿರ್ತಾವೆ. ರೂಮು ಹತ್ತು ನಿಮಿಷ ಬದುಕಿರಲ್ಲ. ಈ ಪಾಯಿಂಟಿನ ಕಾಗದ ಹಿಡ್ಕೊಂಡು ಬಂದೋರನ್ನ ನಾನು ಕಣ್ಣಾರೆ ನೋಡಿದ್ದೀನಿ ಡೆಲ್. ನಮ್ಮ ಕಂಪ್ಯೂಟರ್‌ನಲ್ಲಿ ಅವರ ಹೆಸರೇ ಇರ್ತಿರಲಿಲ್ಲ. ಮಕ್ಕಳನ್ನ ಎತ್ಕೊಂಡು ನಿಂತಿರೋರು."

"ನಿಮ್ಮ ಹೋಟೆಲೇ ಅಂಥದ್ದು ಬಿಡು."

ನಾಡೀನ್ ಕುರ್ಚಿಯಿಂದ ಮೆಲ್ಲಗೆ ಕೇಳಿದಳು. "ಡೆಲ್... ಇನ್ನೂ... ಎಷ್ಟು ಹೊತ್ತು?" ನಾಲ್ಕು ಪದಕ್ಕೆ ಮೂರು ಉಸಿರು. ಅವಳು ಎರಡು ವರ್ಷದಲ್ಲಿ ಒಂದು ಸಲವೂ ಹೆದರಿಕೆ ಎಂದವಳಲ್ಲ. ಅವಳ ಬೆರಳುಗಳು ಮಾತ್ರ ನಳಿಗೆಯನ್ನು ಬಿಗಿಯಾಗಿ ಹಿಡಿದಿದ್ದವು. ಡೆಲ್ಬರ್ಟ್ ಅದನ್ನು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ.

"ಈಗ ಎತ್ತಾರೆ, ಈಗ ಎತ್ತಾರೆ."

ಹತ್ತಕ್ಕೆ ಐದು ನಿಮಿಷ ಇರುವಾಗ ಪಿಯಾನೊ ನಿಂತಿತು. ಜೇನಿನಂಥ ದನಿಯ ಹುಡುಗಿ ಮಾತಾಡಿದಳು.

"ನಮಸ್ಕಾರ ಸರ್. ಹೊರಗಿನ ಹೋಟೆಲ್ ಅಂದ್ರೆ ಒಂದು ರಾತ್ರಿಗೆ ಮೂವತ್ತು ಸಾವಿರ ಪಾಯಿಂಟ್. ನಿಮ್ಮ ಪಾಯಿಂಟಿಗೆ ಎರಡು ರಾತ್ರಿ ಆಗುತ್ತೆ. ಜೊತೆಗೆ ತೊಂಬತ್ತೊಂಬತ್ತು ಡಾಲರ್ ಶುಲ್ಕ. ಒಪ್ಪಿಗೆ ಇದ್ರೆ ಫೋನಲ್ಲಿ ಒಂದು ಒತ್ತಿ ಸರ್."

ಡೆಲ್ಬರ್ಟನ ಬೆರಳು ಒಂದರ ಮೇಲೆ ಹೋಯಿತು. ಅಲ್ಲೇ ನಿಂತಿತು. "ಇವತ್ತು ಸಂಜೆ ರೂಮ್ ಸಿಗುತ್ತಲ್ವಮ್ಮಾ?"

"ಹೋಟೆಲ್‌ನವರ ಒಪ್ಪಿಗೆ ಬರೋಕೆ ಎರಡು ಕೆಲಸದ ದಿನ ಬೇಕು ಸರ್. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ."

"ಅವರು ಇಲ್ಲ ಅಂದ್ರೆ ನನ್ನ ಪಾಯಿಂಟು?"

"ಬೇರೆ ಹೋಟೆಲ್ ಹುಡುಕ್ತೀವಿ ಸರ್. ಒಂದ್ಸಲ ಬದಲಾಯಿಸಿದ ಪಾಯಿಂಟು ವಾಪಸ್ ಬರಲ್ಲ."

ಎರಡು ಕೆಲಸದ ದಿನ ಎಂದರೆ ಸೋಮವಾರ. ಚಂಡಮಾರುತ ಶುಕ್ರವಾರ. ಎರಡು ಸಿಲಿಂಡರ್ ಎಂಟು ಗಂಟೆ. ಡೆಲ್ಬರ್ಟನ ಕೈಯಿಂದ ಫೋನು ಜಾರಿತು. "ಸರ್, ನಿಮ್ಮ ಕೋರಿಕೆ ಹಾಗೇ ಇಟ್ಟಿರ್ತೀವಿ ಸರ್..." ಎಂದು ಅದು ನೆಲದಿಂದಲೇ ಹೇಳುತ್ತಿತ್ತು.

"ಓರಾಲಿಯಾ! ಆ ರೂಮು, ಹಾಕ್ಸು, ಬೇಗ!"

ಓರಾಲಿಯಾ ಮತ್ತೆ ಫೋನು ಮಾಡಿದಳು. ಕೇಳಿಸಿಕೊಂಡಳು. ಮುಖ ಇಳಿಯಿತು. "ಹೋಯ್ತು. ಮೂರೂ ಹೋದ್ವು."

ಯಂತ್ರ ಗುಂಯ್ ಎನ್ನುತ್ತಲೇ ಇತ್ತು. ಓರಾಲಿಯಾ ಬೈಯಲಿಲ್ಲ, ಮತ್ತೆ ಫೋನು ಒತ್ತತೊಡಗಿದಳು. ಐದು ಕಡೆ ಇಲ್ಲ ಎಂದರು. ಆರನೆಯದು ವಾಲ್ಡೋಸ್ಟಾ ದಾಟಿ ಇನ್ನೂ ಒಂದು ಗಂಟೆ ಆಚೆ, ಟಿಫ್ಟನ್‌ನಲ್ಲಿ ರಸ್ತೆ ಬದಿಯ ಸಣ್ಣ ಲಾಡ್ಜು. ಅಲ್ಲಿಯ ಮುಂದಿನ ಮೇಜಿನ ಹೆಂಗಸು ಫೋನಿನಲ್ಲಿ ಹೇಳಿದಳು, "ಒಂದೇ ಒಂದು ಐತೆ ಬಂಗಾರ. ತೊಂಬತ್ನಾಲ್ಕು ಡಾಲರ್. ಕಾರ್ಡ್ ನಂಬರ್ ಕೊಟ್ರೆ ನೀವು ಎಷ್ಟು ಹೊತ್ತಿಗೆ ಬಂದ್ರೂ ರೂಮು ನಿಮ್ದೇ."

ಡೆಲ್ಬರ್ಟ್ ಕಾರ್ಡು ಕೊಟ್ಟ. ಓದಿ ಹೇಳುವಾಗ ಎರಡು ಸಲ ನಂಬರು ತಪ್ಪಿದ.

ಹತ್ತೂವರೆಗೆ ಯಂತ್ರ ಕಳಚಿ, ಸಿಲಿಂಡರ್ ಹಚ್ಚಿ, ಹೊರಟರು. ಗಾಡಿ ಓಡಿಸಿದ್ದು ಓರಾಲಿಯಾ. ಡೆಲ್ಬರ್ಟ್ ಹಿಂದೆ ನಾಡೀನಳ ಪಕ್ಕ ಕೂತು ಸಿಲಿಂಡರಿನ ಮೀಟರಿನ ಮುಳ್ಳನ್ನೇ ನೋಡುತ್ತಿದ್ದ. ಫ್ಲಾರಿಡಾದವರೆಲ್ಲ ಅದೇ ರಸ್ತೆಯಲ್ಲಿದ್ದರು. ಸಾಲು ಎಷ್ಟು ನಿಧಾನ ಎಂದರೆ ಆಮೆಯೊಂದು ಬಲಗಡೆಯಿಂದ ಮುಂದೆ ಹೋಗಿ, ಪೆಟ್ರೋಲ್ ಬಂಕಿನಲ್ಲಿ ವಿಶ್ರಾಂತಿ ಮಾಡಿ, ಮತ್ತೆ ಇವರನ್ನು ಹಿಂದೆ ಹಾಕಿತು.

ಎರಡೂವರೆಗೆ ಮೊದಲ ಸಿಲಿಂಡರ್ ಮುಗಿಯಿತು. ಎರಡನೆಯದು ಹಚ್ಚುವಾಗ ನಾಡೀನಳ ತುಟಿ ನೀಲಿಗೆ ತಿರುಗಿ, ಮೆಲ್ಲಗೆ ಮತ್ತೆ ಬಣ್ಣ ಬಂತು. ಅಷ್ಟು ಹೊತ್ತು ಡೆಲ್ಬರ್ಟ್ ತಾನೂ ಉಸಿರು ಬಿಟ್ಟಿರಲಿಲ್ಲ.

"ಏನಾದ್ರೂ ಮಾತಾಡೇ ಓರಾಲಿಯಾ," ಎಂದ. "ಇಲ್ಲಾಂದ್ರೆ ತಲೆ ಸಿಡಿಯುತ್ತೆ."

"ಹಾಗಾದ್ರೆ ಲೆಕ್ಕ ಹೇಳು. ವರ್ಷಕ್ಕೆ ಸಾವಿರದ ನಾನೂರ ನಲವತ್ತು ಕಟ್ತೀಯ. ಅಷ್ಟೂ ಪಾಯಿಂಟಿಗೆ ಎರಡು ರಾತ್ರಿ. ಒಂದು ರಾತ್ರಿಗೆ ಎಷ್ಟಾಯ್ತು?"

"ಏಳ್ನೂರ ಇಪ್ಪತ್ತು." ತಡೆದು ಹೇಳಿದ, "ಅದರ ಮೇಲೆ ಶುಲ್ಕ ಬೇರೆ."

"ಅದೇ ರೂಮು ನೇರ ಹೋಟೆಲಿಗೇ ಕೇಳಿದ್ರೆ ನೂರಾ ಇಪ್ಪತ್ತೆಂಟು. ಇದು ಪುಕ್ಕಟೆನಾ? ಐದು ರೂಮಿನ ದುಡ್ಡು ಕೊಟ್ಟು ಒಂದು ರೂಮಲ್ಲಿ ಮಲ್ಕೊಳ್ಳೋದು ಇದು."

"ಆದ್ರೆ ದುಡ್ಡು ಆಗ್ಲೇ ಕಟ್ಟಿಯಾಗಿತ್ತಲ್ಲೇ. ಅದು ಹಾಳಾಗ್ಬಾರ್ದು ಅಂತ..."

"ಕಟ್ಟಿದ್ದು ಹೋಯ್ತು ಡೆಲ್. ಇನ್ನು ಅದರಿಂದ ಏನು ಸಿಗುತ್ತೆ ಅನ್ನೋದಷ್ಟೇ ನೋಡ್ಬೇಕು. ಅದೇ ಪಾಯಿಂಟಿಗೆ ಕಡಲಮನೇಲಿ ಒಂದು ವಾರ ಸಿಗುತ್ತೆ. ನವೆಂಬರಲ್ಲಿ ಮೊಮ್ಮಕ್ಕಳನ್ನ ಕರ್ಕೊಂಡು ಹೋಗು. ಆಗಲ್ವಾ? ಮುಂದಿನ ವರ್ಷಕ್ಕೆ ಉಳಿಸಿಡೋಕೆ ಬರುತ್ತಾ, ಕೊನೆ ದಿನ ಯಾವುದು, ಅಂತ ಕೇಳು."

"ಹಾಗಾದ್ರೆ ಹೊರಗಿನ ಹೋಟೆಲಿಗೆ ಬಳಸಲೇಬಾರ್ದಾ?"

"ಬಳಸಬಾರ್ದು ಅಂತಲ್ಲ. ಬೇರೆ ಯಾವ ದಾರೀನೂ ಇಲ್ಲ, ಪಾಯಿಂಟು ಸಾಯೋಕೆ ಬಂದಾವೆ, ಹೋಟೆಲಿನವರು ಕೇಳೋ ದರ ಈ ಲೆಕ್ಕಕ್ಕಿಂತ ಜಾಸ್ತಿ ಐತೆ, ಆಗ ಬಳಸು. ಅದೂ ಪುರುಸೊತ್ತಾಗಿ, ಮನೇಲಿ ಕೂತು. ಗಾಳಿ ಬೆನ್ನಟ್ಟಿಕೊಂಡು ಬರುವಾಗ ಅಲ್ಲ."

ನಾಡೀನ್ ಗಂಡನ ತೊಡೆಯ ಮೇಲೆ ಕೈ ಇಟ್ಟಳು. "ಇಪ್ಪತ್ತೊಂದು ವರ್ಷ... ನಾನೂ... ಕೇಳಲಿಲ್ಲ. ನಾನೂ... ಪುಕ್ಕಟೆ ಅಂತಲೇ..." ಎಂದಳು.

"ನೀನು ಮಾತಾಡ್ಬೇಡ. ಉಸಿರು ಉಳಿಸು."

ಐದು ಗಂಟೆಗೆ ವಾಲ್ಡೋಸ್ಟಾ ಬಂತು. ಪುಸ್ತಕದಲ್ಲಿದ್ದ ಹೋಟೆಲು ರಸ್ತೆಯಿಂದಲೇ ಕಾಣುತ್ತಿತ್ತು. ಬಾಗಿಲಲ್ಲಿ ರೂಮಿಲ್ಲ ಎಂಬ ಬೋರ್ಡು. ಅದರ ಮುಂದೆ ಪೆಟ್ಟಿಗೆಗಳ ಮೇಲೆ ಕೂತ ಜನ. ಡೆಲ್ಬರ್ಟ್ ಗಾಜಿಗೆ ಹಣೆ ಒತ್ತಿ ನೋಡಿದ. ಅಲ್ಲಿ ತಾನೂ ನಾಡೀನಳೂ ಕೂತಿರುವುದು ಕಣ್ಣಿಗೆ ಕಟ್ಟಿತು. ಅವಳ ಕಾಲ ಬಳಿ ಖಾಲಿ ಸಿಲಿಂಡರ್, ತನ್ನ ಕೈಯಲ್ಲಿ ಬಣ್ಣದ ಪುಸ್ತಕ.

"ನಿಲ್ಲಿಸ್ಬೇಡ," ಎಂದ ಪಿಸುಗುಟ್ಟುತ್ತ. "ಹೋಗು, ಹೋಗು."

ಮುಳ್ಳು ಕೆಂಪು ಗೆರೆಗೆ ತಾಗಿತು. ಆಚೆ ಹೋಯಿತು. ನಾಡೀನ್ ಕಣ್ಣು ಮುಚ್ಚಿದ್ದಳು. ಡೆಲ್ಬರ್ಟ್ ಅವಳ ಎದೆ ಏರಿಳಿಯುವುದನ್ನು ಒಂದೊಂದಾಗಿ ಎಣಿಸಿದ. ಎಣಿಕೆ ತಪ್ಪಿದಾಗಲೆಲ್ಲ ಮತ್ತೆ ಒಂದರಿಂದ ಶುರು ಮಾಡಿದ. ಆರೂ ಹತ್ತಕ್ಕೆ ಟಿಫ್ಟನ್‌ನ ಲಾಡ್ಜಿನ ಮುಂದೆ ಗಾಡಿ ನಿಂತಿತು. ಮೇಜಿನ ಹೆಂಗಸು ಬೀಗದ ಕೈ ಹಿಡಿದು ಬಾಗಿಲಿಗೇ ಓಡಿ ಬಂದಳು. ಡೆಲ್ಬರ್ಟ್ ಎಪ್ಪತ್ತೊಂದರ ವಯಸ್ಸಿನಲ್ಲಿ ಯಂತ್ರವನ್ನು ಕಂಕುಳಲ್ಲಿ ಎತ್ತಿಕೊಂಡು ಎಂಥ ಓಟ ಓಡಿದ ಎಂದರೆ, ಅವನ ನೆರಳು ಎರಡು ನಿಮಿಷ ತಡವಾಗಿ ರೂಮು ಸೇರಿತು. ಪ್ಲಗ್ಗು ಸಿಕ್ಕಿಸಿದ. ಗುಂಯ್ ಎಂದಿತು.

ನಾಡೀನಳ ಕೆನ್ನೆಗೆ ಬಣ್ಣ ಬರುವವರೆಗೆ ಅವನು ನೆಲದ ಮೇಲೆ ಕೂತೇ ಇದ್ದ. ಬಣ್ಣ ಬಂದ ಮೇಲೆ ಮಂಚದ ಅಂಚಿಗೆ ಮುಖ ಒತ್ತಿ ಅತ್ತುಬಿಟ್ಟ.

ಶುಕ್ರವಾರ ಗಾಳಿ ಟಿಫ್ಟನ್‌ವರೆಗೂ ಬಂತು. ದೀಪ ಎರಡು ಸಲ ಮಿಣುಕಿತು. ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು, ಬೆಕ್ಕು ಮಂಚದಡಿ ಸೇರಿತು. ಕರೆಂಟು ಹೋಗಲಿಲ್ಲ. ಊರಿನಲ್ಲಿ ಮಾತ್ರ ಹನ್ನೊಂದು ದಿನ ಕರೆಂಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಡೆಲ್ಬರ್ಟನ ಫೋನು ಬಡಿಯಿತು. ಅದೇ ಜೇನಿನ ದನಿ.

"ಸರ್, ಶುಭ ಸುದ್ದಿ! ನೀವು ಕೇಳಿದ ಹೋಟೆಲಲ್ಲಿ ಈಗ ರೂಮು ಖಾಲಿ ಇದೆ. ಒಪ್ಪಿಗೆ ಇದ್ರೆ ಒಂದು ಒತ್ತಿ ಸರ್."

ಡೆಲ್ಬರ್ಟ್ ನಾಡೀನಳ ಕಡೆ ನೋಡಿದ. ಅವಳು ಟೋಸ್ಟಿಗೆ ಪೀಚ್ ಹಣ್ಣಿನ ಜಾಮು ಸವರಿಕೊಳ್ಳುತ್ತಿದ್ದಳು.

"ನನ್ನ ಹೆಂಡತಿ ಗುರುವಾರ ಉಸಿರಾಡಬೇಕಾಗಿತ್ತು ತಾಯಿ," ಎಂದ. "ಒತ್ತಲ್ಲ. ಈಗ ನಾನು ಕೇಳೋದಕ್ಕೆ ಉತ್ತರ ಹೇಳು. ಈ ಪಾಯಿಂಟನ್ನ ಮುಂದಿನ ವರ್ಷಕ್ಕೆ ಉಳಿಸಿಡೋಕೆ ಕೊನೇ ದಿನ ಯಾವತ್ತು? ಅದಕ್ಕೆ ಶುಲ್ಕ ಎಷ್ಟು? ನಿಧಾನವಾಗಿ ಹೇಳು, ಬರ್ಕೋತೀನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೀರುವಿನಲ್ಲೂ ಯಾವುದೋ ರಜೆ ಕ್ಲಬ್ಬಿನ ಕಾರ್ಡು ಇರಬಹುದು. ಇವತ್ತೇ ಹೊರಗೆ ತೆಗೆಯಿರಿ. ವರ್ಷಕ್ಕೆ ಕಟ್ಟುವ ಹಣವನ್ನು ಹೊರಗಿನ ಹೋಟೆಲಿನಲ್ಲಿ ಎಷ್ಟು ರಾತ್ರಿ ಸಿಗುತ್ತದೋ ಅಷ್ಟರಿಂದ ಭಾಗಿಸಿ, ಶುಲ್ಕವನ್ನೂ ಸೇರಿಸಿ. ಆಮೇಲೆ ಅದೇ ಹೋಟೆಲಿಗೆ ನೀವೇ ಫೋನು ಮಾಡಿ ದರ ಕೇಳಿ. ಎಲ್ಲ ಕ್ಲಬ್ಬಿನ ನಿಯಮ ಒಂದೇ ಅಲ್ಲ, ಎಲ್ಲೋ ಒಮ್ಮೆ ಪಾಯಿಂಟಿನ ರೂಮೇ ಅಗ್ಗವಾದೀತು. ಆದರೆ ಕೇಳದೆ ಒತ್ತಬೇಡಿ. ಒಪ್ಪಿಗೆ ಬರಲು ಎಷ್ಟು ದಿನ, ಬದಲಾಯಿಸಿದ ಪಾಯಿಂಟು ವಾಪಸು ಬರುತ್ತದೆಯೇ, ಇದನ್ನು ಬರೆದು ಕೊಡಿಸಿಕೊಳ್ಳಿ. ಮತ್ತೆ ಮನೆಯಲ್ಲಿ ರೋಗಿ ಇದ್ದರೆ ಸರ್ಕಾರದ ಆಶ್ರಯ ಕೇಂದ್ರದಲ್ಲಿ ಹೆಸರು ಮೊದಲೇ ಬರೆಸಿ. ಆಪತ್ತು ಬಂದ ದಿನ ಪಾಯಿಂಟನ್ನು ನಂಬಿ ಕೂರಬೇಡಿ, ಬೀಗದ ಕೈ ಯಾರು ಕೊಡುತ್ತಾರೋ ಅವರಿಗೇ ನೇರ ಫೋನು ಮಾಡಿ.