ಉಳಿಸಿಟ್ಟ ಮಾತ್ರೆಗಳು

ಬೆಳಿಗ್ಗೆ ಸ್ಟೋರಿನ ಕಿಟಕಿ ತೆರೆಯುವ ಮೊದಲೇ ಹೊರಗೆ ಗಂಡಸರ ಸಾಲು ನಿಂತಿರುತ್ತಿತ್ತು. ಮೇಲೇಳುತ್ತಿದ್ದ ದೊಡ್ಡ ಕಟ್ಟಡಕ್ಕೆ ಕಂಬಿ ಕಟ್ಟುವವರು ಅವರು. ಒಬ್ಬನಿಗೆ ಇಕ್ಕಳ, ಒಬ್ಬನಿಗೆ ತಂತಿಯ ಸುರುಳಿ, ಮತ್ತೊಬ್ಬನಿಗೆ ಕೈಗವಸು. ಯಾರಿಗೆ ಏನು ಬೇಕೆಂದು ತಿಳಿಯಲು ಕಿಟಕಿಯ ಹಿಂದೆ ಕೂತ ಅವಳಿಗೆ ಮುಖ ನೋಡಿದರೆ ಸಾಕಿತ್ತು.

"ಅತ್ತಿಗೆ, ಈ ಗವಸಲ್ಲಿ ಬೆರಳಿಗಿಂತ ತೂತೇ ಜಾಸ್ತಿ" ಎಂದ ಮೈದುನ.

"ಗಾಳಿ ಆಡ್ಲಿ ಬಿಡು. ಹೊಸದು ಬರೋದು ಸೋಮವಾರ."

ಹಿಂದಿದ್ದವರು ನಕ್ಕರು. ಅವರೆಲ್ಲರಿಗೂ ಅವಳು ಅತ್ತಿಗೆಯೇ. ಅವಳ ಗಂಡ ಎಲ್ಲರಿಗೂ ಅಣ್ಣನಾಗಿದ್ದ. ಕಳೆದ ವರ್ಷ ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಮೇಸ್ತ್ರಿಯೇ ಕರೆದು ಅವಳನ್ನು ಈ ಕಿಟಕಿಯ ಹಿಂದೆ ಕೂರಿಸಿದ್ದರು.

ಅವಳ ತಲೆಯ ಮೇಲಿನ ಹಲಗೆಯಲ್ಲಿ ಒಂದು ಬಿಸ್ಕೆಟ್ ಡಬ್ಬಿ ಇತ್ತು. ಕಾಂಕ್ರೀಟು ಬಿರುಕು ಬಿಡದಿರಲೆಂದು ಸ್ಲ್ಯಾಬಿನ ಮೇಲೆ ನೀರು ಕಟ್ಟಿ ನಿಲ್ಲಿಸುತ್ತಾರೆ. ಆ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ, ಸೊಳ್ಳೆಯಿಂದ ಮಲೇರಿಯಾ. ಆರೋಗ್ಯ ಕೇಂದ್ರದವರು ಮಾತ್ರೆ ಕೊಡುತ್ತಿದ್ದರು. ನಾಲ್ಕು ಮಾತ್ರೆ ಒಳಗೆ ಹೋಗುವಷ್ಟರಲ್ಲಿ ಜ್ವರ ಬಿಡುತ್ತಿತ್ತು. ಉಳಿದವನ್ನು ಈ ಡಬ್ಬಿಗೆ ಹಾಕುವ ರೂಢಿ. ಮುಂದೆ ಮಲಗುವವನು ಒಂದು ದಿನದ ಕೆಲಸ ಕಳೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಬೇಕಿಲ್ಲ, ಡಬ್ಬಿಯಿಂದ ತೆಗೆದು ನುಂಗಿದರಾಯಿತು. ಶುರುಮಾಡಿದವನು ಅವಳ ಗಂಡ. "ಮಳೆ ನಿಂತ ಮೇಲೂ ಕೊಡೆ ಬಿಚ್ಕೊಂಡೇ ಓಡಾಡ್ತಾರೇನೇ? ನೆನೆಯೋನಿಗೆ ಕೊಟ್ರೆ ಪುಣ್ಯ" ಎನ್ನುತ್ತಿದ್ದ.

ಡಬ್ಬಿಯ ತಳದಲ್ಲಿದ್ದ ಒಂದು ತುಂಡನ್ನು ಮಾತ್ರ ಅವಳು ಯಾರಿಗೂ ಕೊಟ್ಟಿರಲಿಲ್ಲ. ಅದು ಸಾಯುವ ಮುಂಚೆ ಒಮ್ಮೆ ಜ್ವರ ಬಿಟ್ಟಾಗ ಅವನು ಕೊನೆಯದಾಗಿ ಹಾಕಿದ್ದು. ಕತ್ತರಿ ಹುಡುಕುವ ತಾಳ್ಮೆಯಿಲ್ಲದೆ ಮಾತ್ರೆಯ ಹಾಳೆಯನ್ನು ಇಕ್ಕಳದಿಂದಲೇ ತುಂಡರಿಸಿದ್ದ. ಅಂಚು ಸೊಟ್ಟಗೆ, ಹಲ್ಲುಹಲ್ಲಾಗಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸುವಳು. ಅವನ ಫೋಟೊದಲ್ಲಿ ಇಲ್ಲದ್ದೊಂದು ಅಲ್ಲಿತ್ತು. ಅವನ ಅವಸರ.

ಆ ವಾರ ಮೈದುನನಿಗೆ ಚಳಿಜ್ವರದ ನಡುಕ ಹತ್ತಿತು. ಅವಳು ಡಬ್ಬಿಯಿಂದ ಬೇರೆ ಮಾತ್ರೆ ತೆಗೆದು ಕೊಟ್ಟಳು. ಮೂರನೆಯ ದಿನ ಅವನು ಸೀಟಿ ಹೊಡೆಯುತ್ತಾ ಬಂದು, ಉಳಿದ ಎರಡನ್ನು ತಿರುಗಿ ಡಬ್ಬಿಗೆ ಹಾಕಿದ. "ಅಣ್ಣನ ಲೆಕ್ಕಕ್ಕೆ ಜಮಾ" ಎಂದ. ಅವಳಿಗೆ ಖುಷಿಯಾಯಿತು.

ಕೆಲವು ದಿನ ಕಳೆದ ಮೇಲೆ ಮೇಸ್ತ್ರಿ ಅವನನ್ನು ಸ್ಲ್ಯಾಬಿನಿಂದ ಹೆಗಲ ಮೇಲೆ ಹಾಕಿಕೊಂಡು ಇಳಿಸಿದರು. ಕಂಬಿ ಕಟ್ಟುತ್ತಾ ನಿಂತಿದ್ದವನು ಹಾಗೇ ಕುಸಿದಿದ್ದ. ಮೈ ಕೆಂಡವಾಗಿತ್ತು.

"ಡಬ್ಬಿ ತೆಗಿಯಮ್ಮ" ಎಂದರು ಮೇಸ್ತ್ರಿ.

ಅವಳು ಹಲಗೆಯತ್ತ ಕೈ ಎತ್ತಿದಳು. ಮೈದುನ ಅರೆಗಣ್ಣು ತೆರೆದು, "ನೀರು ಕೊಡಮ್ಮಾ" ಎಂದ. ಅವನು ಅವಳನ್ನು ಎಂದೂ ಹಾಗೆ ಕರೆದವನಲ್ಲ. ಗುರುತು ಹಿಡಿದಿರಲಿಲ್ಲ. ಗಂಡನೂ ಕೊನೆಗೆ ಹೀಗೇ ಅವಳನ್ನು ಬೇರೆ ಯಾರೋ ಅಂದುಕೊಂಡಿದ್ದ. ಅವಳ ಕೈ ಕೆಳಗಿಳಿಯಿತು.

"ಬೇಡ. ಆಟೋ ಕರೀರಿ."

ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡುವ ಮೇಡಂ ಮೈದುನನ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು ಒಳಗೆ ಹೋದರು. ವಾರ್ಡಿನಲ್ಲಿ ಅವನಿಗೆ ಡ್ರಿಪ್ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಮೇಡಂ ಅವಳನ್ನು ಕರೆದರು.

"ಮುಂಚೆ ಏನಾದ್ರೂ ಮಾತ್ರೆ ತಗೊಂಡಿದ್ರಾ?"

ಅವಳು ಡಬ್ಬಿಯ ವಿಷಯ ಹೇಳಿದಳು. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಮೇಡಂ ಬೈಯಲಿಲ್ಲ. ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಬಿಟ್ಟು ಎದ್ದರು. "ಬನ್ನಿ, ನೋಡಿ."

ನಸುಗೆಂಪು ಬಿಲ್ಲೆಗಳು ಕಂಡವು. ಕೆಲವು ಬಿಲ್ಲೆಗಳೊಳಗೆ ಹರಳು ಕೂರಿಸಿದ ಪುಟ್ಟ ಉಂಗುರಗಳು. ನೋಡಲು ಚೆಂದವಾಗಿಯೇ ಇದ್ದವು.

"ಆ ಉಂಗುರಗಳೇ ರೋಗ. ಒಂದೊಂದೂ ಒಂದು ಜೀವ. ರಕ್ತದ ಕಣ ತಿಂದು, ಒಡೆದು, ಮರಿಗಳನ್ನ ಹೊರಗೆ ಬಿಡುತ್ತೆ. ನಾಲ್ಕು ಮಾತ್ರೆಗೆ ಮುಕ್ಕಾಲು ಪಾಲು ಸಾಯ್ತವೆ, ಜ್ವರ ಇಳಿಯುತ್ತೆ. ಉಳಿದವು ಸುಮ್ನೆ ಕೂತಿರ್ತವಾ? ಮತ್ತೆ ಸಂಸಾರ ಹೂಡ್ತವೆ. ಕೊನೇ ಮಾತ್ರೆಗಳು ಇರೋದು ಜ್ವರಕ್ಕಲ್ಲಮ್ಮ, ಅವಕ್ಕೆ."

ಅವಳು ಕಣ್ಣು ತೆಗೆಯದೆ ಕೇಳಿದಳು. "ಅರ್ಧಕ್ಕೆ ಬಿಟ್ರೆ ಸಾಯ್ತಾರಾ?"

"ಎಲ್ರೂ ಅಲ್ಲ. ಒಮ್ಮೊಮ್ಮೆ ತಿರುಗಿ ಬಂದ ಜ್ವರ ತಲೆಗೇರುತ್ತೆ. ಆಗ ಕಷ್ಟ." ಮೇಡಂ ತಡೆದು, "ಯಾರಾದ್ರೂ...?" ಎಂದರು.

"ಇಲ್ಲ. ಸುಮ್ನೆ ಕೇಳಿದೆ."

ಅವಳು ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಆ ಹಲ್ಲುಹಲ್ಲಾದ ಅಂಚಿನ ತುಂಡು ಕಣ್ಣ ಮುಂದೆ ಬಂತು. ಅವನು ಇನ್ನೊಬ್ಬನಿಗೆಂದು ಉಳಿಸಿದ್ದ. ಆ ಇನ್ನೊಬ್ಬನಿಗೂ ಅದು ಸಿಗದ ಹಾಗೆ ಅವಳು ತಳದಲ್ಲಿ ಬಚ್ಚಿಟ್ಟಿದ್ದಳು. ಇಷ್ಟು ದಿನ ಅವನ ನೆನಪೆಂದು ಮುಟ್ಟಿ ಮುಟ್ಟಿ ನೋಡಿದ್ದು ಅವನೇ ನುಂಗಬೇಕಾಗಿದ್ದ ಮಾತ್ರೆಗಳನ್ನು.

ಮರುದಿನ ಅವಳು ಡಬ್ಬಿ ಇಳಿಸಿ ಚೀಲಕ್ಕೆ ಹಾಕಿಕೊಳ್ಳುವುದನ್ನು ಮೇಸ್ತ್ರಿ ಕಂಡರು.

"ಎಲ್ಲಿಗಮ್ಮ ಅದು?"

"ವಾಪಸ್ ಕೊಡೋಕೆ. ಇನ್ಮೇಲೆ ಡಬ್ಬಿ ಇರಲ್ಲ. ಯಾರಿಗೆ ಜ್ವರ ಬಂದ್ರೂ ಹೋಗಿ ತೋರಿಸ್ಬೇಕು, ಕೊಟ್ಟಷ್ಟನ್ನೂ ನುಂಗ್ಬೇಕು."

"ಹೇಳೋದು ಸುಲಭ. ಹೋದವನ ದಿನದ ಕೂಲಿ ಯಾರು ಕೊಡ್ತಾರೆ? ಎಷ್ಟು ಜನ ಈ ಡಬ್ಬಿಯಿಂದ ಎದ್ದಿದ್ದಾರೆ ಗೊತ್ತಾ?" ಮೇಸ್ತ್ರಿಯ ದನಿ ಇಳಿಯಿತು. "ಅದು ಅಲ್ಲಿದ್ರೆ ಅವನೇ ಇದ್ದ ಹಾಗೆ ಕಣಮ್ಮ. ನೀನೇ ಹೀಗಂದ್ರೆ?"

ಸಾಲಿನಲ್ಲಿದ್ದವರು ಕಿಟಕಿಯ ಹತ್ತಿರ ಸರಿದರು. ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

"ಅವರು ತುಂಬಾ ಒಳ್ಳೆಯವರು. ಆದ್ರೆ ಇದು ತಪ್ಪು ಕೆಲಸ. ಅವರನ್ನ ತಿಂದದ್ದು ಇದೇ. ಮೇಡಂ ಭೂತಗನ್ನಡಿಯಲ್ಲಿ ತೋರಿಸಿದ್ರು, ನಾನು ಕಣ್ಣಾರೆ ನೋಡ್ದೆ."

ಮೇಸ್ತ್ರಿ ಕತ್ತಿನ ಟವೆಲಿನಿಂದ ಮುಖ ಒರೆಸಿಕೊಂಡು, ಸ್ಲ್ಯಾಬಿನ ಕಡೆ ನೋಡುತ್ತಾ ನಿಂತರು.

"ನಿನ್ನ ಮೈದುನನಿಗೆ ಹೇಳು" ಎಂದರು ಕೊನೆಗೆ. "ಕೊನೇ ಮಾತ್ರೆ ನುಂಗೋವರೆಗೆ ನನ್ನ ಸ್ಲ್ಯಾಬ್ ಹತ್ಬಾರ್ದು. ಅಲ್ಲೀವರೆಗಿನ ಕೂಲಿ ವಿಷಯ ನಾನು ಎಂಜಿನಿಯರ್ ಸಾಹೇಬರ ಹತ್ರ ಮಾತಾಡ್ತೀನಿ. ಆ ನಿಂತ ನೀರಿನ ವಿಷಯಾನೂ."

ಆರೋಗ್ಯ ಕೇಂದ್ರದಲ್ಲಿ ಮೇಡಂ ಡಬ್ಬಿಯನ್ನು ಟ್ರೇಗೆ ಸುರಿದರು. ತಳದ ತುಂಡು ಅಂಟಿಕೊಂಡು ಉಳಿಯಿತು.

"ಇದೂನಾ?"

ಅವಳು ಅದನ್ನು ಎಬ್ಬಿಸಿ ತೆಗೆದು, ಒಮ್ಮೆ ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ತಾನೇ ಟ್ರೇಗೆ ಹಾಕಿದಳು.

ವಾರ್ಡಿನಲ್ಲಿ ಮೈದುನ ದಿಂಬಿಗೆ ಒರಗಿ ಕೂತಿದ್ದ. ಅವಳು ಲೋಟದಲ್ಲಿ ನೀರು ಹಿಡಿದು ಮಾತ್ರೆ ಚಾಚಿದಳು.

"ಜ್ವರ ಇಲ್ಲ ಅತ್ತಿಗೆ. ಹಣೆ ಮುಟ್ಟಿ ನೋಡಿ."

"ನುಂಗು."

ನುಂಗಿದ.

"ಬಾಯಿ ತೆಗಿ. ನಾಲಿಗೆ ಎತ್ತು."

"ನಾನೇನು ಮಗುವಾ?" ಎನ್ನುತ್ತಲೇ ನಾಲಿಗೆ ಎತ್ತಿ ತೋರಿಸಿದ. ಆಮೇಲೆ ಅವಳ ಚೀಲದಲ್ಲಿದ್ದ ಖಾಲಿ ಡಬ್ಬಿಯನ್ನು ಕಂಡ. "ಎಲ್ಲಾ ಕೊಟ್ಬಿಟ್ರಾ? ಅಣ್ಣ ಇದ್ದಿದ್ರೆ ಚೆನ್ನಾಗಿ ಬೈತಿದ್ದ."

ಅವಳು ಲೋಟ ತೊಳೆದು ಬಂದು, ಕವುಚಿ ಇಟ್ಟಳು.

"ಬೈಲಿ" ಎಂದಳು. "ಬೈಯೋಕಾದ್ರೂ ಒಂದ್ಸಲ ಬರ್ಲಿ."