ಹಚ್ಚದ ಕೋಟಿಂಗ್

ಏಪ್ರಿಲ್ ತಿಂಗಳ ಒಂದು ಮಂಗಳವಾರ, ಹನ್ನೊಂದರ ಬಿಸಿಲಿನಲ್ಲಿ, ಕೊಳಕೂರಿನ ದ್ರೌಪದಿ ತನ್ನ ಬಿಳಿ ಕಾರನ್ನು ತಂದು ಜೇವರ್ಗಿಯ ಶೋರೂಮಿನ ಗಾಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಇಳಿದವಳೇ ಹಿಂದಿನ ಬಾಗಿಲು ತೆರೆದು, "ಬಾರವ್ವಾ ಸಪ್ನಾ, ಬಂದು ನೋಡು," ಎಂದು ಅಲ್ಲಿಂದಲೇ ಕೂಗಿದಳು.

ಸಪ್ನಾ ಮೇಜು ಬಿಟ್ಟು ಎದ್ದು ಹೋದಳು. ಮೂರು ತಿಂಗಳ ಹಿಂದೆ ಆ ಕಾರು ಮಾರಿದವಳು ಅವಳೇ. ಹಿಂದಿನ ಸೀಟಿನ ತಿಳಿ ಬೂದು ಬಟ್ಟೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಕೆಂಪು ಕಲೆ ಇತ್ತು. ಎಣ್ಣೆಗಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ನಿನ್ನಿ ಸಂಜಿಮುಂದ ಎಣ್ಣಿಗಾಯಿ ಡಬರಿ ಉಳ್ಳಿತು," ಎಂದಳು ದ್ರೌಪದಿ. "ನೀ ಹೇಳಿದಂಗ ತಡಾ ಮಾಡದ ಹಸಿ ಬಟ್ಟಿಲೆ ಒರಸೀನಿ. ಹೋಗವಲ್ದು. ಒರಸಿದಷ್ಟೂ ಅಗಲ ಆಗ್ಯದ."

ದ್ರೌಪದಿಯದು ರೊಟ್ಟಿಯ ಉದ್ಯೋಗ. ಆರು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪಲ್ಯ ಮಾಡಿ ಹಾಸ್ಟೆಲ್ಲುಗಳಿಗೆ, ಮದುವೆ ಮನೆಗಳಿಗೆ ಒಯ್ದು ಕೊಡುತ್ತಿದ್ದಳು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು ಈ ಕಾರು ತೆಗೆದುಕೊಂಡದ್ದೇ ಅದಕ್ಕೆ.

ಒಳಗಿನಿಂದ ಮ್ಯಾನೇಜರ್ ಶಿವಪ್ರಕಾಶ ಕಲೆ ಹತ್ತದಂತೆ ಹಚ್ಚುವ ಕೋಟಿಂಗಿನ ಗ್ಯಾರಂಟಿ ಫಾರ್ಮು ಹಿಡಿದುಕೊಂಡು ಬಂದ. "ಅಮ್ಮೋರ, ಇದರಾಗ ನೀರು, ಹಾಲು, ಚಹಾ ಅಂತ ಬರದಾರ. ಅಡಗಿ ಎಣ್ಣಿ ಬರಂಗಿಲ್ರಿ. ಅದೂ ಧಂದೆಕ್ಕ ಒಯ್ಯೋ ಊಟ ಅಂದ್ರ ಕಂಪನಿಯವರು ಒಪ್ಪಂಗೇ ಇಲ್ಲ."

"ಹಂಗಿದ್ರ ಬಣ್ಣಕ್ಕ, ಸೀಟಿಗಿ ಕೋಟಿಂಗ್ ಅಂತ ಹದಿನಾಲ್ಕು ಸಾವಿರ ಯಾಕ ತೊಗೊಂಡ್ರಿ? ರೊಟ್ಟಿ ಪಲ್ಯ ಒಯ್ಯಾಕ ಗಾಡಿ ಬೇಕು ಅಂತ ಈಕಿ ಮುಂದ ಹೇಳೀನಿ." ದ್ರೌಪದಿ ಸಪ್ನಾಳ ಕಡೆ ತಿರುಗಿದಳು. "ನೀನೇ ಹೇಳಬೇ. ಎಣ್ಣಿ ಚೆಲ್ಲಿದ್ರೂ ಮುತ್ತಿನಂಗ ಉರುಳಿ ಹೋಗ್ತದ ಅಂದಿದ್ದಿಲ್ಲೇನು?"

ಅಂದಿದ್ದಳು. ಕಾರು ಕೊಳ್ಳಲು ಬರುವವರು ಕಾರಿನ ಬಗ್ಗೆ ಮನಸ್ಸು ಮಾಡಿಕೊಂಡೇ ಬರುತ್ತಾರೆ. ಕೋಟಿಂಗಿನ ನೆನಪು ಯಾರಿಗೂ ಇರುವುದಿಲ್ಲ. ಎರೆ ಮಣ್ಣಿನ ರಸ್ತೆ, ಬಿಸಿಲು, ಮಕ್ಕಳ ಕೈ ಎಂದೆಲ್ಲ ಹೇಳಿ ಅವರ ತಲೆಯಲ್ಲಿ ಒಂದು ಸಣ್ಣ ಭಯ ಬಿತ್ತುವುದು ಸಪ್ನಾಳಿಗೆ ಕರಗತವಾಗಿತ್ತು. ಈಗ ಮಾತ್ರ, "ಫಾರ್ಮಿನ್ಯಾಗ ಇದ್ದಂಗ ಅದರಿ ಅಕ್ಕಾರ," ಎಂದು ನೆಲ ನೋಡುತ್ತ ಹೇಳಿದಳು.

ದ್ರೌಪದಿ ಕಾರಿನ ಬಾಗಿಲು ಮುಚ್ಚಿ, ಕಾರು ತಿರುಗಿಸಿಕೊಂಡು ಹೊರಟುಹೋದಳು.

ಆಮೇಲೆ ಸಪ್ನಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ನೀರು ಕುಡಿದಳು, ಫೋನು ತೆಗೆದು ಸುಮ್ಮನೆ ನೋಡಿ ಇಟ್ಟಳು. ಕಲೆಗಿಂತ ಹೆಚ್ಚಾಗಿ ಬೇರೊಂದು ಸಂಗತಿ ಅವಳನ್ನು ಕೊರೆಯುತ್ತಿತ್ತು. ಆ ಕಾರು ಲಾರಿಯಿಂದ ಇಳಿದದ್ದು ಬೆಳಗಿನ ಒಂಬತ್ತಕ್ಕೆ. ಮುಹೂರ್ತ ಮೀರುತ್ತದೆ ಎಂದು ದ್ರೌಪದಿ ಅವಸರ ಮಾಡಿದ್ದರಿಂದ ಹನ್ನೊಂದೂವರೆಗೆ ಕೀಲಿ ಕೊಟ್ಟಿದ್ದರು. ಕೋಟಿಂಗ್ ಹಚ್ಚಿ ನೆರಳಿನಲ್ಲಿ ಒಣಗಿಸಲು ಅರ್ಧ ದಿನ ಬೇಕು. ಆದರೂ ಕೆಲಸ ಮುಗಿದಿದೆ ಎಂಬ ಚೀಟಿಗೆ ಸಹಿ ಹಾಕಿದವಳು ತಾನೇ. ಅಂದು ಒಂದು ಕ್ಷಣ ಅನುಮಾನ ಬಂದಿತ್ತು. ಹಾರ ಹಾಕಿ ಫೋಟೋ ತೆಗೆಯುವ ಗದ್ದಲದಲ್ಲಿ ಅದನ್ನು ಪಕ್ಕಕ್ಕೆ ತಳ್ಳಿದ್ದಳು.

ಹಿಂದಿನ ಶೆಡ್ಡಿನಲ್ಲಿ ಖಲೀಲ ಒಂದು ಕಾರಿಗೆ ನೀರು ಹೊಡೆಯುತ್ತಿದ್ದ. ಇಪ್ಪತ್ತು ವರ್ಷ ಗಾಡಿ ತೊಳೆದ, ಪಾಲಿಶ್ ಮಾಡಿದ ಮನುಷ್ಯ.

"ಖಲೀಲಭಾಯಿ, ರೊಟ್ಟಿ ಅಕ್ಕಾರ ಗಾಡಿಗಿ ಕೋಟಿಂಗ್ ಹಚ್ಚಿದ್ರಿ?"

ಆತ ಪೈಪು ಬಂದ್ ಮಾಡಿದ. "ಟೈಮ್ ಎಲ್ಲಿತ್ತು ಬೇಟಿ? ತೊಳದು ಒರಸಿ ಬಿಟ್ಟೀನಿ. ಸರ್ವಿಸಿಗಿ ಬಂದಾಗ ಹಚ್ಚಿದ್ರಾಯ್ತು ಅಂದ್ರು ಮ್ಯಾನೇಜರ್ ಸಾಬರು."

"ಇಂಥವು ಮತ್ತ ಎಷ್ಟ್ ಅದಾವ್ರಿ?"

"ಲಗ್ನದ ಸೀಜನ್ನಿನ್ಯಾಗ ಬಾಳ. ನಂಗೇನು ಕೇಳ್ತಿ, ಸಹಿ ನಿಂದಽ ಅದ."

ಫೈಲು ತೆಗೆದು ನೋಡಿದಳು. ಬಂದ ದಿನವೇ ಹೋದ ಕಾರುಗಳ, ಅವಳ ಸಹಿಯೇ ಇದ್ದ ಚೀಟಿಗಳು ದ್ರೌಪದಿಯದೂ ಸೇರಿ ಹನ್ನೊಂದು ಸಿಕ್ಕವು. ಹೆಸರು, ನಂಬರುಗಳನ್ನು ಬರೆದುಕೊಂಡಳು. ಯಾಕೆ ಬರೆದುಕೊಂಡಳೋ ಅವಳಿಗೇ ತಿಳಿಯದು. ಎರಡು ದಿನ ಮನೆಯಲ್ಲೂ ಚಡಪಡಿಕೆ. ತುತ್ತು ಬಾಯಿಗೆ ಹೋಗದೆ ಎದ್ದಾಗ ತಾಯಿ ಸುಮಿತ್ರಾಬಾಯಿ, "ಯಾಕಬೇ, ಇರಿವಿ ಕಡದವರಂಗ ಆಡಾಕತ್ತಿದಿ?" ಎಂದು ಬೈದಳು.

ಶುಕ್ರವಾರ ಬೆಳಿಗ್ಗೆ ಸಪ್ನಾ ಕೆಲಸಕ್ಕೆ ಹೋಗದೆ ಟಂಟಂ ಆಟೋ ಹತ್ತಿ ಕೊಳಕೂರಿಗೆ ಹೋದಳು. ದ್ರೌಪದಿಯ ಮನೆಯಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು. ರೊಟ್ಟಿ ಬಡಿಯುವ ಸದ್ದಿನ ನಡುವೆ ನಿಂತು ಸಪ್ನಾ ಒಂದೇ ಉಸಿರಿಗೆ ಹೇಳಿದಳು: "ಅಕ್ಕಾರ, ನಿಮ್ಮ ಗಾಡಿಗಿ ಕೋಟಿಂಗ್ ಹಚ್ಚೇ ಇಲ್ರಿ. ಹಚ್ಚಲಾರದ ಕಾಗದಕ್ಕ ನಾ ಸಹಿ ಮಾಡೀನಿ."

ದ್ರೌಪದಿಯ ಕೈ ನಿಲ್ಲಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿದ ಮೇಲೆ ಕೇಳಿದಳು. "ಆವತ್ತಽ ಗೊತ್ತಿತ್ತು?"

"ಸಂಶೆ ಇತ್ರಿ. ಕೇಳಲಿಲ್ಲ."

"ಮೊನ್ನಿ ಅಂವ ನನ್ನ ಮುಂದ ಫಾರ್ಮ್ ಓದಾಕತ್ತಾಗ?"

ಒಲೆಯ ಮುಂದಿದ್ದ ಹೆಣ್ಣುಮಕ್ಕಳೆಲ್ಲ ಸಪ್ನಾಳನ್ನೇ ನೋಡುತ್ತಿದ್ದರು.

"ಒಲಿ ಮುಂದ ನಿಂತು ಹೇಳಿದ್ರ ನನ್ನ ಸೀಟು ಸ್ವಚ್ಛ ಆಗಂಗಿಲ್ಲ," ಎಂದು ದ್ರೌಪದಿ ಕೈ ತೊಳೆದುಕೊಂಡಳು. "ನಡಿ. ಎಲ್ಲಿ ಮಾರಿದ್ದಿ, ಅಲ್ಲೇ ಹೇಳು."

ತಿಂಗಳ ಪಗಾರ, ಮ್ಯಾನೇಜರನ ಮುಖ, ಊರ ಜನರ ಮಾತು ಎಲ್ಲ ಒಟ್ಟಿಗೇ ಸಪ್ನಾಳ ಕಣ್ಣ ಮುಂದೆ ಬಂದು ನಿಂತವು. ಆದರೆ ದ್ರೌಪದಿ ಕಾರು ಚಾಲೂ ಮಾಡಿ ಬಾಗಿಲು ತೆರೆದೇ ಕಾಯುತ್ತಿದ್ದಳು. ಸಪ್ನಾ ಹತ್ತಿದಳು.

ಶೋರೂಮಿನಲ್ಲಿ ಇಜೇರಿ ಊರಿನ ಗಂಡ ಹೆಂಡತಿ ಹೊಸ ಕಾರಿನ ಕಾಗದಪತ್ರಕ್ಕೆ ಕುಳಿತಿದ್ದರು. ಶಿವಪ್ರಕಾಶ ಕೋಟಿಂಗಿನ ಫಾರ್ಮನ್ನು ಅವರ ಮುಂದೆ ಸರಿಸುತ್ತಿದ್ದ. ಅವರು ಹೋಗುವ ತನಕ ಕಾಯಬಹುದಿತ್ತು. ಕಾದರೆ ಧೈರ್ಯ ಆರಿಹೋಗುತ್ತದೆ ಎಂದು ಸಪ್ನಾಳಿಗೆ ಗೊತ್ತಿತ್ತು.

"ಸರ್, ದ್ರೌಪದಿ ಅಕ್ಕಾರ ಗಾಡಿಗಿ ನಾವು ಕೋಟಿಂಗ್ ಹಚ್ಚಿಲ್ರಿ," ಎಂದಳು. ದನಿ ತನ್ನದಲ್ಲ ಎನ್ನಿಸುವಷ್ಟು ಜೋರಾಗಿ ಬಂತು. "ಬರದು ಕೊಡ್ತೇನಿ."

ಶಿವಪ್ರಕಾಶನ ಮುಖ ಕೆಂಪಾಯಿತು. "ಒಳಗ ಬರ್ರಿ, ಒಳಗ ಮಾತಾಡೋಣು," ಎಂದ. ದ್ರೌಪದಿ ಅಲ್ಲಿಯೇ ಕುರ್ಚಿ ಎಳೆದುಕೊಂಡು ಕುಳಿತಳು. ಇಜೇರಿಯವರು ಪೆನ್ನು ಕೆಳಗಿಟ್ಟರು. ಕೊನೆಗೆ ಆತ, ಈಗಲೇ ಹಚ್ಚಿಸಿಕೊಡುತ್ತೇನೆ ಎಂದು ಖಲೀಲನನ್ನು ಕರೆಸಿದ.

"ಹಚ್ಚಿದ್ರ ಈ ಕಲಿ ಹೋಗ್ತದೇನಪಾ?" ಎಂದು ದ್ರೌಪದಿ ಕೇಳಿದಳು.

ಖಲೀಲ ಮ್ಯಾನೇಜರನ ಕಡೆ ಒಮ್ಮೆ ನೋಡಿದ. "ಇಲ್ಲ ಅಮ್ಮಾ. ಕಲಿ ಒಳಗಽ ಉಳೀತದ. ಮೊದಲಽ ಹಚ್ಚಿದ್ರೂ ಚಹಾ ಬಿದ್ರ ಒರಸಾಕ ಸಸಾರ, ಅಷ್ಟೇ. ಬಿಸಿ ಎಣ್ಣಿ ನಿಂತಿತಂದ್ರ ಇಳಿದಽ ಇಳೀತದ. ನಿಮ್ಮ ಕೆಲಸಕ್ಕ ಬಿಚ್ಚಿ ಒಗಿಯೋ ಕವರ್ ಹಾಕ್ಸ್ರಿ. ಬಣ್ಣಕ್ಕಂದ್ರ ಧೂಳ್ ಮ್ಯಾಲ ಒಣ ಬಟ್ಟಿ ಎಳೀಬ್ಯಾಡ್ರಿ, ಮೊದಲ ನೀರ್ ಹಾಕ್ರಿ. ವರ್ಷಕ್ಕ ಎರಡು ಸಲ ಮೇಣದ ಪಾಲಿಶ್ ಸಾಕು."

ಹಣ ವಾಪಸ್ ಕೊಡುವುದಾಗಿ ಶಿವಪ್ರಕಾಶ ಬರೆದುಕೊಟ್ಟ. ದ್ರೌಪದಿ ಕಾಗದ ಮಡಚಿ ಸೆರಗಿಗೆ ಗಂಟು ಹಾಕಿದಳು. ಸಪ್ನಾಳಿಗೆ ಶಾಬಾಸ್ ಎನ್ನಲಿಲ್ಲ, ಬೈಯಲೂ ಇಲ್ಲ. "ಊಟ ಮಾಡಿಲ್ಲಂತ ಕಾಣ್ತದ, ಮಾರಿ ನೋಡು," ಎಂದಷ್ಟೇ ಹೇಳಿ ಹೋದಳು.

ಸಂಜೆಯೊಳಗೆ ಸಪ್ನಾಳನ್ನು ಅಫಜಲಪುರದ ಶಾಖೆಗೆ ಹಾಕಿದ ಆದೇಶ ಫೋನಿಗೆ ಬಂತು. ಕೆಲಸ ಉಳಿದದ್ದು ಯಾಕೆಂದು ಅವಳಿಗೆ ಗೊತ್ತಿತ್ತು: ತೆಗೆದುಹಾಕಿದರೆ ಇನ್ನೂ ಎಷ್ಟು ಬಾಯಿ ಬಿಡುತ್ತಾಳೋ ಎಂಬ ಮ್ಯಾನೇಜರನ ಭಯ.

ಅಫಜಲಪುರದಲ್ಲಿ ಮೊದಲ ದಿನ ಗಿರಾಕಿ ಯಾರೂ ಬರಲಿಲ್ಲ. ಉಳಿದ ಹತ್ತು ಹೆಸರುಗಳ ಚೀಟಿ ಬ್ಯಾಗಿನಲ್ಲಿತ್ತು. ಒಬ್ಬರಿಗೆ ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಿರಲಿಲ್ಲ. ಮಧ್ಯಾಹ್ನ ಹೊರಗೆ ಬೇವಿನ ಮರದ ಕೆಳಗೆ ನಿಂತು ಮೊದಲ ನಂಬರು ಒತ್ತಿದಳು. ಆಳಂದಕ್ಕೆ ವರ್ಗವಾಗಿ ಹೋದ ಮಲ್ಕಪ್ಪ ಮೇಷ್ಟ್ರದು.

ಎಲ್ಲವನ್ನೂ ಕೇಳಿ ಅವರು ಸಿಟ್ಟಿಗೆದ್ದರು. "ನನ್ನ ಗಾಡಿ ಕನ್ನಡಿಯಂಗ ಹೊಳಿಯಾಕತ್ತದ. ಕೋಟಿಂಗಿನಿಂದ ಹಿಂಗದ ಅಂತ ಸಾಲಿಯವರಿಗೆಲ್ಲ ಹೇಳೀನಿ. ಮೂರು ಮಂದಿ ನನ್ನ ಮಾತ್ ಕೇಳಿ ಹಚ್ಚಿಸ್ಯಾರ. ಈಗ ಇದನ್ನ ಹೇಳಾಕ ಫೋನ್ ಮಾಡಿದಿ?" ಎಂದು ಕಟ್ ಮಾಡಿದರು.

ಸಪ್ನಾ ಅಲ್ಲಿಯೇ ಅತ್ತಿಂದಿತ್ತ ನಡೆದಾಡಿದಳು. ಚೀಟಿ ಹರಿದು ಬಿಸಾಕಿದರೆ ಕೇಳುವವರು ಯಾರೂ ಇಲ್ಲ ಅನ್ನಿಸಿತು. ಹತ್ತು ನಿಮಿಷಕ್ಕೆ ಫೋನು ತಿರುಗಿ ಬಂತು.

"ರೊಕ್ಕ ವಾಪಸ್ ಕೇಳೋ ಅರ್ಜಿ ಯಾರ ಹೆಸರಿಗಿ ಬರೀಬೇಕು?" ಮಲ್ಕಪ್ಪ ಮೇಷ್ಟ್ರ ದನಿ ಇಳಿದಿತ್ತು. "ಅದರಾಗ ನಿನ್ನ ಹೆಸರೂ ಬರ್ತದ, ನಡೀತದೇನು?"

"ಬರೀರಿ ಸರ್," ಎಂದಳು ಸಪ್ನಾ. ವಿಳಾಸ ಹೇಳಿ ಮುಗಿಸಿ, ಮೊದಲ ಹೆಸರಿನ ಮೇಲೆ ಗೆರೆ ಎಳೆದು, ಎರಡನೆಯ ನಂಬರು ಒತ್ತಿದಳು.