ಸೊಂಟಕ್ಕೆ ಕಟ್ಟಿದ ಸರ್ಕಾರ

ಎದೆಗವಚ ಗಂಡಸಿನ ಅಳತೆಯದು. ಹೆಗಲ ಪಟ್ಟಿ ಬಿಗಿದರೆ ಎದೆ ನೋಯುತ್ತದೆ, ಸಡಿಲ ಬಿಟ್ಟರೆ ಕೆಳಗಿನ ಅಂಚು ಕಿಬ್ಬೊಟ್ಟೆಗೆ ಒತ್ತುತ್ತದೆ. ಅದರ ಕೆಳಗೆ ಬೆಲ್ಟು. ಬೆಲ್ಟಿಗೆ ಪಿಸ್ತೂಲು, ಗುಂಡಿನ ಚೀಲ, ಕೋಳ, ವೈರ್‌ಲೆಸ್ಸು, ಲಾಠಿ. ಬೆಳಿಗ್ಗೆ ಇದನ್ನೆಲ್ಲ ಮೈಮೇಲೆ ಏರಿಸಿಕೊಳ್ಳುವಾಗ ಅತ್ತಿಗೆಗೆ ಜ್ವರವೂ ಇತ್ತು.

ಅವಳು ಪೊಲೀಸ್ ಪೇದೆ. ಅವಳ ಗಂಡನ ತಂಗಿಯೂ ಅದೇ ಠಾಣೆಯ ಪೇದೆ. ಈ ನಾದಿನಿ ಅತ್ತಿಗೆ ಅತ್ತಿಗೆ ಎಂದು ಕರೆದೂ ಕರೆದೂ, ಈಗ ಇಡೀ ಠಾಣೆಗೆ ಅವಳು ಅತ್ತಿಗೆ. ಬೈಯುವಾಗ ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರ ಬಾಯಲ್ಲೂ ಅದೇ ಬರುತ್ತದೆ.

"ಡಾಕ್ಟ್ರು ಏನಂದ್ರು?" ವ್ಯಾನಿನಲ್ಲಿ ನಾದಿನಿ ಪಿಸುಗುಟ್ಟಿದಳು.

"ನೀರು ಜಾಸ್ತಿ ಕುಡೀಬೇಕಂತೆ. ಮೂತ್ರ ತಡ್ಕೊಂಡು ತಡ್ಕೊಂಡು ಸೋಂಕು ಮೇಲಕ್ಕೆ ಹತ್ತಿದೆಯಂತೆ. ಹೀಗೇ ಆದ್ರೆ ಕಿಡ್ನಿ ಉಳಿಯಲ್ಲ ಅಂದ್ರು."

"ರಜೆ ಕೇಳಬೇಕಿತ್ತು."

"ಕೇಳ್ದೆ. 'ದೊಡ್ಡವರು ಬರೋ ದಿನವೇ ನಿಮಗೆಲ್ಲ ಜ್ವರ ಬರುತ್ತಾ' ಅಂದ್ರು ಸಾಹೇಬ್ರು."

ಮಾತ್ರೆ ನುಂಗಲು ಅರ್ಧ ಬಾಟಲಿ ನೀರು ಕುಡಿದದ್ದೇ ತಪ್ಪಾಯಿತು. ಬಂದೋಬಸ್ತಿನ ದಿನ ಠಾಣೆಯ ಹೆಂಗಸರು ನೀರು ಮುಟ್ಟುವುದಿಲ್ಲ. ಹೊಸದಾಗಿ ಸೇರಿದವರಿಗೆ ಲಾಠಿ ಹಿಡಿಯುವುದಕ್ಕಿಂತ ಮುಂಚೆ ಅದನ್ನೇ ಹೇಳಿಕೊಡುತ್ತಾರೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವಳ ಹೊಟ್ಟೆ ಕಲ್ಲಾಗಿತ್ತು. ಭದ್ರತೆಗೆಂದು ರಸ್ತೆಯುದ್ದಕ್ಕೂ ಅಂಗಡಿ ಮುಚ್ಚಿಸಿದ್ದರು. ಬಾಗಿಲು, ಕಿಟಕಿ ತೆರೆಯಕೂಡದೆಂದು ಬೆಳಿಗ್ಗೆ ಮನೆಮನೆಗೂ ಹೇಳಿ ಬಂದವಳು ಅತ್ತಿಗೆಯೇ. ಉಳಿದದ್ದು ಒಂದೇ. ಸಮಾರಂಭದ ವೇದಿಕೆಯ ಪಕ್ಕ, ಬೇಲಿಯೊಳಗೆ, ಅತಿಥಿಗಳಿಗೆಂದು ನಿಲ್ಲಿಸಿದ್ದ ಶೌಚಾಲಯದ ಬಿಳಿ ಗಾಡಿ.

ಒಂದೊಂದೇ ಹೆಜ್ಜೆ ಅಳೆದಿಡುತ್ತ ಅಲ್ಲಿಗೆ ಹೋದಳು.

"ಪಿಸ್ತೂಲು ಹಾಕ್ಕೊಂಡವರನ್ನ ಒಳಗೆ ಬಿಡೋ ಹಾಗಿಲ್ಲಮ್ಮ," ಎಂದ ಗೇಟಿನ ಕಾವಲುಗಾರ. "ಬಿಚ್ಚಿಟ್ಟು ಬನ್ನಿ."

ಸಾಹೇಬರು ಪೆಂಡಾಲಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಅತ್ತಿಗೆ ಸೆಲ್ಯೂಟ್ ಹೊಡೆದಳು.

"ಸಾರ್, ಐದೇ ನಿಮಿಷ. ಬೆಲ್ಟನ್ನ ನಾದಿನಿ ಕೈಲಿ ಕೊಟ್ಟು..."

"ಏನಂದ್ರಿ ಅತ್ತಿಗೆಮ್ಮಾ? ನಿಮ್ಮ ಹೆಸರಿಗೆ ಕೊಟ್ಟ ಪಿಸ್ತೂಲು ಇನ್ನೊಬ್ಬರ ಕೈಗಾ? ಹೋದ ವರ್ಷ ಒಬ್ಬಳು ಹೋಟೆಲಿನ ಬಚ್ಚಲಲ್ಲಿ ಮೊಳೆಗೆ ನೇತುಹಾಕಿದ ಪಿಸ್ತೂಲು ಬಿಟ್ಟುಬಂದು ಸಸ್ಪೆಂಡ್ ಆದಳಲ್ಲ, ಮರೆತ್ರಾ? ಸೊಂಟದಲ್ಲಿರೋದು ಸರ್ಕಾರದ ಸಾಮಾನು. ಸೊಂಟ ಮಾತ್ರ ನಿಮ್ದು."

"ಹಾಕ್ಕೊಂಡು ಹೋದ್ರೆ ಬಿಡಲ್ಲ, ಬಿಚ್ಚಿದ್ರೆ ತಪ್ಪು. ನಾನೇನ್ ಮಾಡ್ಲಿ ಸಾರ್?"

"ತಡ್ಕೊಳ್ಳಿ. ನಾವೆಲ್ಲ ತಡ್ಕೊಂಡಿಲ್ವಾ?"

ಅವರು ಬೆಳಿಗ್ಗೆಯಿಂದ ಎರಡು ಸಲ ಕಾಂಪೌಂಡಿನ ಗೋಡೆಗೆ ಮುಖ ಮಾಡಿ ನಿಂತದ್ದನ್ನು ಅತ್ತಿಗೆ ಕಂಡಿದ್ದಳು. ಮತ್ತೆ ಸೆಲ್ಯೂಟ್ ಹೊಡೆದು ತಿರುಗಿದಳು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಗಂಡ, ಶಾಲೆಗೆ ಹೋಗುವ ಮಕ್ಕಳು, ಅತ್ತೆಯ ಔಷಧಿ, ಎಲ್ಲವೂ ಅವಳ ನಾಲಿಗೆಯ ಮೇಲೆ ಬಂದು ಕೂತಿದ್ದವು.

ವಾಪಸು ಬರುವಾಗ ಕಣ್ಣಿಗೆ ಕತ್ತಲೆ ಕವಿಯಿತು. ದೀಪದ ಕಂಬ ಹಿಡಿದುಕೊಂಡಳು. ಮುಂದಿನ ಕಂಬದಲ್ಲಿ ಕಾವಲಿದ್ದ ನಾದಿನಿ ಓಡಿಬಂದಳು.

"ಬಿಡಲಿಲ್ವಾ?"

"ಬಟ್ಟೇಲೇ ಆಗಿಬಿಡತ್ತೆ ಕಣೇ." ಅತ್ತಿಗೆ ಕಂಬಕ್ಕೆ ಹಣೆ ಒತ್ತಿದಳು. "ನಡುರಸ್ತೇಲಿ, ಯೂನಿಫಾರಂನಲ್ಲಿ."

ರಸ್ತೆಯ ಆಚೆ ಖಾಲಿ ಜಾಗ, ಒಣಹುಲ್ಲು. ಮರೆ ಎಂಬುದು ಗೇಣುದ್ದವೂ ಇರಲಿಲ್ಲ. ನಾದಿನಿ ಒಂದು ಗಳಿಗೆ ಸುತ್ತ ನೋಡಿದಳು. ಆಮೇಲೆ ಗಂಟಲು ಹರಿಯುವಂತೆ ಕೂಗಿದಳು: "ಬನ್ರೇ ಎಲ್ಲ! ಅತ್ತಿಗೆಗೆ ಆಗ್ತಿಲ್ಲ!"

ಕಂಬಕಂಬಕ್ಕೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಜಾಗ ಬಿಟ್ಟವಳು, ಎಲ್ಲರೂ ಕಡ್ಡಿ ಎಂದು ಕರೆಯುವವಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ, ಗಾಳಿ ಬಂದರೆ ಹಾರಿಹೋಗುವಂಥ ಪೇದೆ. ಅವಳ ಹಿಂದೆ ಉಳಿದವರು.

ನಾದಿನಿ ಅತ್ತಿಗೆಯ ಬೆಲ್ಟು ಬಿಚ್ಚಿ, ಪಿಸ್ತೂಲಿನ ಸಮೇತ ತನ್ನ ಹೆಗಲಿಗೆ ಹಾಕಿಕೊಂಡಳು. ಕವಚದ ಪಟ್ಟಿಗಳನ್ನು ಕಡ್ಡಿ ಕಿತ್ತಳು. ದೊಡ್ಡವರು ಕಾರಿನಿಂದ ಇಳಿದಾಗ ಹೇಗೆ ಸುತ್ತುಗಟ್ಟಬೇಕೆಂದು ಕಲಿಸಿದ್ದರೋ ಹಾಗೆಯೇ ನಿಂತರು. ಬೆನ್ನು ಒಳಕ್ಕೆ, ಮುಖ ಹೊರಕ್ಕೆ, ತೋಳಿಗೆ ತೋಳು. ನಡುವೆ ಅತ್ತಿಗೆ ಕುಕ್ಕರುಗಾಲಲ್ಲಿ ಕೂತಳು. ಮೊದಲು ಉರಿ ಬಂತು. ಆಮೇಲೆ ಅಳು.

"ಅಳಬೇಡಿ ಅತ್ತಿಗೆ," ನಾದಿನಿ ತಿರುಗದೆಯೇ ಹೇಳಿದಳು. "ಇಷ್ಟು ಭದ್ರತೆ ಆ ದೊಡ್ಡವರಿಗೂ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಸಾಹೇಬರು ಏದುಸಿರು ಬಿಡುತ್ತ ಬಂದರು.

"ಏನಿದು ಸಂತೆ? ಜಾಗ ಬಿಟ್ಟು ಬರೋಕೆ ಯಾರು ಹೇಳಿದ್ದು? ದಾರಿ ಬಿಡಿ!"

"ಮುಂದೆ ಬರಬೇಡಿ ಸಾರ್," ಎಂದಳು ಕಡ್ಡಿ. ಪಕ್ಕದವಳ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಆ ಕಡೆ ತಿರುಗಿ ನಿಂತ್ಕೊಳ್ಳಿ."

"ಒಬ್ಬೊಬ್ಬರನ್ನೂ ಸಸ್ಪೆಂಡ್ ಮಾಡಿಸ್ತೀನಿ! ಅವಳ ಪಿಸ್ತೂಲು ನಿನ್ನ ಹೆಗಲ ಮೇಲೆ ಯಾಕಿದೆ?"

ನಾದಿನಿ ಉತ್ತರ ಕೊಡುವ ಮೊದಲೇ ಎಲ್ಲರ ವೈರ್‌ಲೆಸ್ಸುಗಳೂ ಒಟ್ಟಿಗೆ ಗೊರಗುಟ್ಟಿದವು. ದೊಡ್ಡವರ ಗಾಡಿಗಳು ಹೊರಟಿವೆ. ಸಾಹೇಬರು ರಸ್ತೆ ನೋಡಿದರು. ಆ ಬದಿಯ ಕಂಬಗಳೆಲ್ಲ ಒಂಟಿಯಾಗಿ ನಿಂತಿದ್ದವು.

"ಹೋಗ್ರಮ್ಮಾ." ದನಿ ಇಳಿಯಿತು. "ಜಾಗಕ್ಕೆ ಹೋಗಿ. ಏನಿದ್ರೂ ಆಮೇಲೆ ಮಾತಾಡೋಣ."

ಅತ್ತಿಗೆ ಎದ್ದು, ಬಟ್ಟೆ ಸರಿಮಾಡಿಕೊಂಡು, ಬೆಲ್ಟು ಇಸಿದುಕೊಂಡಳು. ಸುತ್ತು ಮಾತ್ರ ಒಡೆಯಲಿಲ್ಲ. ಕಡ್ಡಿ ತನ್ನ ಬೆಲ್ಟಿನ ಕೊಂಡಿ ತೆಗೆದು, ಸಾಹೇಬರ ಕಣ್ಣೆದುರೇ ಅದನ್ನು ಅವಳ ಕೈಗಿಟ್ಟಳು.

"ಇದನ್ನ ಹಿಡ್ಕೊಳ್ಳಿ ಅತ್ತಿಗೆ," ಎಂದಳು. "ಈಗ ನನ್ನ ಸರದಿ."